ಕೈ ಹಿಡಿದು ಬೇಡಿದವನು

ಮನೆಯಿಂದ
ಮಾರ್ಚ್ ಒಂಬತ್ತು, ಸೋಮವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಆ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಇರಬೇಕಲ್ಲ, ಕಾಲು ಊದಿಕೊಂಡರೆ ಬಿಸಿನೀರಿನಲ್ಲಿಡು. ಊರಿನ ಬಾಣಂತಿಯರಿಗೆಲ್ಲ ಬುದ್ಧಿ ಹೇಳಿದ ನರ್ಸಮ್ಮನಿಗೆ ನಾನು ಹೇಳುತ್ತಿದ್ದೇನೆ, ನಗಬೇಡ. ಚೆನ್ನಾಗಿದ್ದೀನಿ ಅಂತ ಬರಿ ಎಂದಳು ಅಮ್ಮ. ಬರೆದಿದ್ದೇನೆ.

ನಾನು ಬಟ್ಟೆ ಹೊಲಿದುಕೊಟ್ಟ ನಾಟಕವನ್ನು ಮೊನ್ನೆ ಆಡಿದರು. ಇಬ್ಬರು ಪಾದ್ರಿಗಳ ಕರಿ ನಿಲುವಂಗಿ ನನ್ನದೇ. ಮುದಿ ಪಾದ್ರಿಯ ಹೊಟ್ಟೆಯ ದೆಸೆಯಿಂದ ಒಂದನ್ನು ಮತ್ತೆ ಮತ್ತೆ ಬಿಚ್ಚಿ ಹೊಲಿದೆ. ಕಥೆ ಇಷ್ಟು: ಒಂದೂರಿನಲ್ಲಿ ದನಗಳು ಸಾಯುತ್ತವೆ, ಒಬ್ಬ ವಿಧವೆಯನ್ನು ಮಾಟಗಾತಿ ಎನ್ನುತ್ತಾರೆ. ಅದು ಸುಳ್ಳೆಂದು ಮುದಿ ಪಾದ್ರಿಗೆ ಗೊತ್ತು. ಆದರೆ ಅವನ ಮಾತು ಕೇಳುವುದನ್ನೇ ಬಿಟ್ಟಿದ್ದ ಜನ ಈಗ ಭಯಬಿದ್ದು ಮತ್ತೆ ಅವನ ಬಾಗಿಲಿಗೆ ಬರುತ್ತಿದ್ದಾರೆ. ಹಾಗಾಗಿ ಸುಮ್ಮನಿರುತ್ತಾನೆ. ವಿಚಾರಣೆಗೆಂದು ಬಂದ ಹರೆಯದ ಪಾದ್ರಿ ಹಾಗಲ್ಲ, ಅವಳನ್ನು ಉಳಿಸಲೇಬೇಕು ಎನ್ನುವವನು. "ಒಪ್ಪಿಕೊಂಡುಬಿಡು ತಾಯೀ, ಬದುಕ್ಕೋತೀಯ, ನಾನಿದ್ದೀನಿ" ಎಂದು ಕೈ ಹಿಡಿದು ಬೇಡುತ್ತಾನೆ. ಅವಳು ನಂಬಿ ಒಪ್ಪಿಕೊಳ್ಳುತ್ತಾಳೆ. ಒಪ್ಪಿಕೊಂಡದ್ದಕ್ಕೇ ಗಲ್ಲಿಗೇರಿಸುತ್ತಾರೆ.

ಅಕ್ಕಾ, ನನಗೆ ನಿನ್ನದೇ ನೆನಪಾಯಿತು. ನೀನು ಹೆರಿಗೆ ಮಾಡಿಸಿದ ಆ ಮಗು ಉಳಿಯದೆ ಹೋದಾಗ, ನಿನ್ನ ಕೈಗುಣವೇ ಸರಿಯಿಲ್ಲ ಎಂದು ಹಬ್ಬಿಸಿದ ಮೂಲೆಮನೆ ಯಜಮಾನರನ್ನು ನಾನು ಯಾವತ್ತೋ ಮನಸ್ಸಿನಿಂದ ತೆಗೆದುಹಾಕಿದ್ದೇನೆ. ತಮ್ಮ ಸುತ್ತ ನಾಲ್ಕು ಜನ ಕೂತು ಹೌದು ಹೌದು ಎಂದರೆ ಸಾಕು ಅವರಿಗೆ. ನಿಮ್ಮ ಆಸ್ಪತ್ರೆಯ ಡಾಕ್ಟರು ಹಾಗಲ್ಲವಲ್ಲ. "ಎಚ್ಚರ ತಪ್ಪಿತು ಅಂತ ಒಂದ್ಮಾತು ಹೇಳಿಬಿಡಮ್ಮ, ಕೆಲಸ ಉಳಿಸೋ ಜವಾಬ್ದಾರಿ ನಂದು" ಎಂದದ್ದು ನಿನ್ನ ಒಳ್ಳೆಯದಕ್ಕೇ. ನೀನು ಹೇಳಿದೆ. ಕೆಲಸವೂ ಹೋಯಿತು, ಊರೂ ಹೋಯಿತು.

ನಾಟಕದಲ್ಲಿ ಡಾಕ್ಟರು ನಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು. ಹರೆಯದ ಪಾದ್ರಿ ಗಲ್ಲುಗಂಬದ ಕೆಳಗೆ ಕುಸಿದಾಗ ಬಿಕ್ಕಿ ಬಿಕ್ಕಿ ಅತ್ತರು. ಮುದಿಯವನೇ ಪಾಪಿ ಎಂದು ಪಕ್ಕದವರು ಮಾತಾಡಿಕೊಳ್ಳುತ್ತಿದ್ದರು. ನನಗೆ ಹಾಗನ್ನಲು ಬಾಯಿ ಬರಲಿಲ್ಲ. ಮುದಿಯವನನ್ನು ಆ ವಿಧವೆ ಎಂದೂ ನಂಬಿರಲಿಲ್ಲ. ಅವಳ ಬಾಯಿಂದ ಆ ಮಾತು ಹೊರಡಿಸಿದ್ದು ಆ ಒಳ್ಳೆಯ ಹರೆಯದವನೇ. ಹೊರಗೆ ಬಂದಮೇಲೆ ಅಮ್ಮ, ಗೊತ್ತಲ್ಲ ಅವಳು, ನೇರವಾಗಿ ಡಾಕ್ಟರ ಮುಂದೆ ಹೋಗಿ ನಿಂತಳು. "ಇಲ್ಲಿ ಅತ್ತರೆ ಏನು ಬಂತು ಡಾಕ್ಟ್ರೇ? ಆಸ್ಪತ್ರೇಲಿ ಬಾಯಿ ಬಿಡಿ. ಮಗು ಯಾಕೆ ಹೋಯ್ತು ಅಂತ ನಿಮಗೆ ಗೊತ್ತು" ಎಂದಳು. ಅವರು ತಲೆ ತಗ್ಗಿಸಿ ನಡೆದುಬಿಟ್ಟರು.

ಹೊತ್ತಿಗೆ ಸರಿಯಾಗಿ ಉಣ್ಣು, ಒಬ್ಬಳೇ ಎಂದು ಅಡುಗೆ ತಪ್ಪಿಸಬೇಡ. ಅಮ್ಮನ ಆಶೀರ್ವಾದ ನಿನ್ನ ತಲೆ ಕಾಯಲಿ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಡಾಕ್ಟರೇ ಬಂದಿದ್ದರು. ಮಗು ಹೊಟ್ಟೆಯಲ್ಲೇ ಹೋಗಿತ್ತು, ನಿನ್ನ ತಪ್ಪೇನೂ ಇಲ್ಲ ಎಂದು ಎಲ್ಲರೆದುರು ಹೇಳುತ್ತಾರಂತೆ. ಆದರೆ ಮೊದಲು ನೀನು ಅವರನ್ನು ಕ್ಷಮಿಸಿದ್ದೇನೆ ಎಂದು ಬರೆಯಬೇಕಂತೆ, ಇಲ್ಲದಿದ್ದರೆ ಧೈರ್ಯ ಬರುವುದಿಲ್ಲವಂತೆ. "ಬರೀತಾಳೆ ಅಲ್ವಾ?" ಎಂದು ಕೇಳಿದರು. ನಾನು ಹೂಂ ಅನ್ನಲಿಲ್ಲ. ಅಮ್ಮ ಮಾತ್ರ ಆಗಲೇ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ.