ಕದ್ದ ಸ್ಫಟಿಕದ ಕಡ್ಡಿ

ನಾಗಮಂಗಲ, ಏಪ್ರಿಲ್ 1996

ಪದ್ಮಾಸನಿ,

ನನ್ನ ಸ್ಫಟಿಕದ ಹೂವಿನ ಗಿಡದಿಂದ ನೀನು ಒಂದು ಕಡ್ಡಿ ಕದ್ದು ನೆಟ್ಟೆಯೆಂದು ನಿನ್ನೊಡನೆ ಮಾತು ಬಿಟ್ಟವಳು ನಾನು. ನೀನು ಊರು ಬಿಟ್ಟ ಮೇಲೆ ನನ್ನ ಆ ಮುಳ್ಳುಗಿಡವನ್ನು ಕಿತ್ತೆಸೆದು ಗುಲಾಬಿ ನೆಟ್ಟೆ. ಈ ಬೇಸಿಗೆಗೆ ನಲ್ಲಿ ನೀರು ನಿಂತಿತು, ಗುಲಾಬಿಯೆಲ್ಲ ಸುಟ್ಟುಹೋಯಿತು. ನಿನ್ನ ಹಿತ್ತಲಿನ ಕಳ್ಳಗಿಡ ಮಾತ್ರ ಹಸಿರಾಗಿ ನಿಂತಿದೆ, ನಾಚಿಕೆಗೆಟ್ಟದ್ದು!

ಇವತ್ತು, ನಿನ್ನ ಮನೆಗೆ ಬಾಡಿಗೆಗೆ ಬಂದಿರುವ ಚಿಕ್ಕಬೋರಮ್ಮನನ್ನು ಒಂದು ಕಡ್ಡಿ ಕೇಳಿದೆ.

"ಕೇಳಿ ಈಸ್ಕಂಡ್ರೆ ಚಿಗುರಾಕಿಲ್ಲ ಕಣವ್ವ. ನಾನು ಆ ಕಡೀಕೆ ತಿರುಗ್ಕತೀನಿ, ಕದ್ಕಂಡೋಗು" ಎಂದಳು.

ನನ್ನ ಗಿಡವನ್ನು ನಾನೇ ಕದಿಯಬೇಕೆ? ಕದ್ದೆ.

ಈ ಒಂದು ಮಾತನ್ನು ನೀನು ಅವತ್ತೇ ಬಾಯಿಬಿಟ್ಟು ಹೇಳಬಾರದಿತ್ತೇ? ನಾನೂ ಆ ಕಡೆ ತಿರುಗಿ ನಿಲ್ಲುತ್ತಿದ್ದೆನಲ್ಲೇ!