ನಾಲ್ಕೂವರೆ ಇಂಚು

ಅಪ್ಪ,

ನೀನು ಕಟ್ಟಿದ ಶಾಲೆಗೆ ಐವತ್ತು ತುಂಬಿತು. ಕಟ್ಟಡದ ಚರಿತ್ರೆ ಬರೆಯಲು ಬಂದ ಇಂಜಿನಿಯರ್ ಇವತ್ತು ಮೆಟ್ಟಿಲಿಗೆ ಟೇಪು ಹಿಡಿದ. "ಆರಿಂಚು ಇರ್ಬೇಕಿತ್ತು ಮೇಡಂ, ನಾಲ್ಕೂವರೆ ಇದೆ. ಗಾರೆಯವನು ಅಳತೆ ತಪ್ಪಿದಾನೆ," ಎಂದು ನಕ್ಕ.

ನೀನು ತಪ್ಪಿರಲಿಲ್ಲ. ಎರಡು ಇಟ್ಟಿಗೆ ಪೇರಿಸಿ ಐದು ವರ್ಷದ ನನ್ನನ್ನು ಹತ್ತಿಸಿದೆ; ನಾನು ತಡವರಿಸಿದೆ. ನೀನು ಒಂದೇ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿದೆ, ನಾನು ಸಲೀಸಾಗಿ ಹತ್ತಿದೆ. ಆ ಎತ್ತರಕ್ಕೇ ನೀನು ಮೆಟ್ಟಿಲಿನ ಅಳತೆಯ ದಾರ ಕಟ್ಟಿದೆ. "ಹತ್ತೋರು ಮಕ್ಳು ಸ್ವಾಮಿ, ನೀವಲ್ಲ," ಎಂದು ಹೇಳಿ ಕಂಟ್ರಾಕ್ಟರನಿಂದ ಬೈಸಿಕೊಂಡೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ನಾನು ಮರೆತುಬಂದ ಬುತ್ತಿಯನ್ನು ಸುಣ್ಣ ಮೆತ್ತಿದ ಕೈಯಲ್ಲಿ ಹಿಡಿದು ಅದೇ ಮೆಟ್ಟಿಲ ಮೇಲೆ ನಿಂತಿದ್ದೆ ನೀನು. ಯಾರೇ ಅದು ಎಂದು ಗೆಳತಿಯರು ಕೇಳಿದರು. "ಯಾರೋ ಗಾರೆಯವನು," ಅಂದೆ ನಾನು. ನಿನಗೆ ಕೇಳಿಸಿತು. ಬುತ್ತಿಯನ್ನು ಅಲ್ಲೇ ಇಟ್ಟು ಹೋದೆ. ಸಾಯುವವರೆಗೂ ಅದರ ಮಾತೆತ್ತಲಿಲ್ಲ.

ಈಗ ಆ ಶಾಲೆಗೆ ನಾನೇ ಮುಖ್ಯೋಪಾಧ್ಯಾಯಿನಿ. ಇಂಜಿನಿಯರ್ ಪೆನ್ನು ತೆಗೆದು, "ಕಟ್ಟಿದ್ದು ಯಾರಂತ ಗೊತ್ತಾ ಮೇಡಂ?" ಎಂದು ಕೇಳಿದ.

ಎಲುಬಿಲ್ಲದ ನಾಲಿಗೆ ಎತ್ತ ಬೇಕಾದರೂ ಹೊರಳುತ್ತದಂತೆ. ನನ್ನದು ಹಳೆಯ ಉತ್ತರಕ್ಕೇ ಹೊರಳಿತು. ಅವನು ಬರೆದುಕೊಂಡ.