ಬೈಯದೆ ಹೋದ ಡಾಕ್ಟರಮ್ಮ

ಲುಸಾಕಾ, ದೊಡ್ಡಾಸ್ಪತ್ರೆ, ಗಂಡಸರ ವಾರ್ಡು
೧೨ ಜೂನ್ ೧೯೯೪, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ಕಸಾಮಾದಲ್ಲಿ ಚಳಿ ಹತ್ತಿರಬೇಕು. ನೀರು ಹೊರುವ ಕೆಲಸ ಮೊಮ್ಮಕ್ಕಳಿಗೆ ಬಿಡು, ನೀನು ಕೂತು ಬೈಯುತ್ತಿದ್ದರೆ ಸಾಕು. ಎಡಗಾಲೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಮಿಕ್ಕ ಮೈಯೆಲ್ಲ ಈಗಲೇ ಬಸ್‌ಸ್ಟ್ಯಾಂಡಿಗೆ ಹೋಗಿ, ಜನರನ್ನು ಕೂಗಿ ಮಿನಿಬಸ್ಸಿಗೆ ತುಂಬಲು ತಯಾರಾಗಿದೆ. ಮುತಾಲೆ ದಿನಾ ನ್ಶಿಮಾ ಮುದ್ದೆ, ಒಣಮೀನು ತರುತ್ತಾಳೆ. ಸಕ್ಕರೆ ಕಾಯಿಲೆ ಅಂತ ಸಪ್ಪೆ ಚಹಾ ಕುಡಿಸಿ, ಮದುವೆಯಾದಾಗಿನಿಂದ ನನ್ನ ಮೇಲಿದ್ದ ಸೇಡನ್ನೆಲ್ಲ ತೀರಿಸಿಕೊಳ್ಳುತ್ತಿದ್ದಾಳೆ.

ಪಾದ ಕಪ್ಪಾಗಿದೆ ಅಕ್ಕಾ. ಮೊಣಕಾಲಿನ ಕೆಳಗೆ ಕತ್ತರಿಸದಿದ್ದರೆ ವಿಷ ಮೇಲೇರಿ ಜೀವ ಹೋಗುತ್ತದೆ ಎಂದು ದೊಡ್ಡ ಡಾಕ್ಟರು ಹೇಳಿದರು. ನಾನು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿರಲಿಲ್ಲ. ಈ ಆಸ್ಪತ್ರೆಗೆಂದು ಬಸ್ಸು ಹತ್ತಿಸುವಾಗ ನೀನು ಅಂದಿದ್ದೆಯಲ್ಲ, "ತಮ್ಮಾ, ಅಮ್ಮ ಕೊಟ್ಟಿದ್ದನ್ನ ಪೂರ್ತಿ ಮಣ್ಣಿಗೆ ಒಪ್ಪಿಸ್ಬೇಕು. ಅರ್ಧಂಬರ್ಧ ಹೋದ್ರೆ ಅಪ್ಪ ಅಲ್ಲಿ ಬಾಗಿಲೇ ತೆಗೆಯಲ್ಲ" ಅಂತ. ಅದು ತಲೆಯಲ್ಲಿ ಕೂತುಬಿಟ್ಟಿತ್ತು. ಡಾಕ್ಟರು ಕೇಳಿದಾಗಲೆಲ್ಲ "ನಾಳೆ ನೋಡೋಣ ಸಾರ್, ಈ ಕಾಲು ಎಲ್ಲಿಗೂ ಓಡಿಹೋಗಲ್ಲ" ಎಂದು ನಗಿಸಿ ಕಳಿಸುತ್ತಿದ್ದೆ. ಅವರು ಹೋದ ಮೇಲೆ ನನಗೇ ನಗು ಬರುತ್ತಿರಲಿಲ್ಲ.

ಇದು ಡಾಕ್ಟರಿಕೆ ಕಲಿಸುವ ಆಸ್ಪತ್ರೆ. ಬೆಳಿಗ್ಗೆಯಾದರೆ ಕಲಿಯುವ ಹುಡುಗ ಹುಡುಗಿಯರು ಮಂಚದ ಸುತ್ತ ನೆರೆದು, ನಾನೇನೋ ಹೊಸ ಮದುಮಗ ಅನ್ನುವ ಹಾಗೆ ನೋಡುತ್ತಾರೆ. ಅವರಲ್ಲೊಬ್ಬಳು ಚಿಪಾಟಾ ಕಡೆಯ ಎಂಗೋನಿ ಕುಲದ ಹುಡುಗಿ, ಜೆರೆ ಅಂತ. ನನ್ನ ಬೆಂಬಾ ಹೆಸರು ಓದಿದ್ದೇ ತಡ, "ಅಯ್ಯೋ, ನಮ್ಮಜ್ಜನ ಮನೆ ಆಳು ಇಲ್ಲಿ ಬಿದ್ಕೊಂಡಿದಾನೆ! ಏನೋ ಕೋತಿ ತಿನ್ನೋನೇ, ಕೆಲಸ ಬಿಟ್ಟು ಓಡಿಬಂದ್ಯಾ?" ಅಂದಳು. ನನಗೆ ಅರ್ಧ ಕಾಯಿಲೆ ವಾಸಿಯಾದ ಹಾಗಾಯಿತು. "ಬಾರೇ ಇಲಿ ತಿನ್ನೋಳೇ, ಈ ವಾರ್ಡಲ್ಲಿ ಒಂದು ಇಲೀನೂ ಯಾಕಿಲ್ಲ ಅಂತ ಈಗ ಗೊತ್ತಾಯ್ತು" ಅಂದೆ. ಹಿರಿಯರು ಹೊಡೆದಾಡಿ ಸತ್ತು ನಮಗೆ ಬಿಟ್ಟುಹೋದ ಆಸ್ತಿ ಇದೊಂದೇ ತಾನೆ: ನಮ್ಮ ಬೆಂಬಾ ಕುಲದವರೂ ಎಂಗೋನಿಗಳೂ ಎಲ್ಲಿ ಸಿಕ್ಕರೂ ಬೈದಾಡಬೇಕು, ಸಿಟ್ಟು ಮಾಡಿಕೊಳ್ಳಬಾರದು. ದಿನಾ ಬೈಯುತ್ತಲೇ ನನ್ನ ಗಾಯ ತೊಳೆದಳು ಪುಣ್ಯಾತ್ಗಿತ್ತಿ.

ಮೊನ್ನೆ ಗುರುವಾರ ಬಂದವಳು, "ಮುಸೊಂಡಾ ಅವರೇ, ನಿದ್ದೆ ಬಂತಾ? ನಿಮಗೇನಾದ್ರೂ ಬೇಕಿತ್ತಾ?" ಎಂದಳು. ಒಂದು ಬೈಗುಳವೂ ಇಲ್ಲ! ಇಲಿ ಅಂದೆ, ಸುಮ್ಮನಿದ್ದಳು. ಅವರಪ್ಪನನ್ನೇ ಬೈದೆ, ತಲೆ ತಗ್ಗಿಸಿ ಬ್ಯಾಂಡೇಜು ಕಟ್ಟಿದಳು. ಎಂಗೋನಿಗಳು ನಮ್ಮ ಹೆಣದ ಮುಂದೆ ಕೂಡ ಬಾಯಿ ಮುಚ್ಚದವರು. ಇವಳು ಮರ್ಯಾದೆ ಕೊಡುತ್ತಿದ್ದಾಳೆ ಅಂದರೆ ನನ್ನ ಗತಿ ಹೆಣಕ್ಕಿಂತ ಕಡೆಯಾಗಿರಬೇಕು! ನರ್ಸನ್ನು ಕೂಗಿ, ಕಾಗದ ತರಿಸಿ ಸಹಿ ಹಾಕಿದೆ.

ಸಂಜೆ ಜೆರೆ ಬಂದಾಗ "ಯಾಕೆ ಬೈಲಿಲ್ಲ?" ಎಂದು ಕೇಳಿದೆ. ಹೊರದೇಶದಿಂದ ಬಂದ ಅವರ ಮೇಷ್ಟರು ನಮ್ಮ ಬೈದಾಟ ಕೇಳಿ ಗಾಬರಿಯಾಗಿ, ರೋಗಿಗಳೊಡನೆ ಸಭ್ಯವಾಗಿ ಮಾತಾಡಿ ಎಂದು ಅವಳಿಗೆ ಉಗಿದಿದ್ದರಂತೆ! ನಾನು ಯಾಕೆ ಸಹಿ ಹಾಕಿದೆ ಅಂತ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮಂಚದಂಚಿಗೆ ಕೂತು, "ಹೆದರ್ಕೊಂಡು ಹಾಕಿದ ಸಹಿ ನನಗೆ ಬೇಡಪ್ಪ. ಹರಿದುಹಾಕಿಸ್ತೀನಿ, ಬೇಕಾದ್ರೆ ಇನ್ನೊಂದ್ಸಲ ಯೋಚ್ನೆ ಮಾಡು" ಅಂದಳು. ಬೇಡ ಅಂದೆ. ಸಾಯುತ್ತೇನೆ ಎಂದು ನಂಬಿದ ಆ ಗಳಿಗೆಯಲ್ಲಿ ಅಪ್ಪನ ಬಾಗಿಲು ನೆನಪಾಗಲೇ ಇಲ್ಲ ಅಕ್ಕಾ. ಮುತಾಲೆಯ ಮುಖ ನೆನಪಾಯಿತು, ನಿನ್ನದೂ. ಇನ್ನೂ ಸ್ವಲ್ಪ ಕಾಲ ನಿಮ್ಮ ತಲೆ ತಿನ್ನಬೇಕು ಅನ್ನಿಸಿತು.

ಮೊಮ್ಮಕ್ಕಳಿಗೆಲ್ಲ ಈ ಅಜ್ಜನ ಮುತ್ತು ಕೊಡು. ನನ್ನ ಮೇಲೆ ಮುನಿಸಿಕೊಂಡರೂ ಊಟ ಬಿಡಬೇಡ.

ನಿನ್ನ ತರಲೆ ತಮ್ಮ,
ಮುಸೊಂಡಾ

ಮತ್ತೆ: ಕಾಗದ ಒಯ್ಯುವ ಬಸ್ಸಿನ ಡ್ರೈವರು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಮಂಗಳವಾರ ಕಾಲು ತೆಗೆಯುತ್ತಾರೆ. ಕೇಳಿ ನೋಡಿದೆ, ಕತ್ತರಿಸಿದ ಕಾಲನ್ನು ಮನೆಯವರ ಕೈಗೇ ಕೊಡುತ್ತಾರಂತೆ. ಮಗ ಚಂದಾ ಬಸ್ಸಿನಲ್ಲಿ ತರುತ್ತಾನೆ. ಅಪ್ಪನ ಮಗ್ಗುಲಲ್ಲಿ ಹೂಳಿಸು, ಪಕ್ಕದಲ್ಲಿ ನನ್ನಷ್ಟು ಜಾಗ ಬಿಡಿಸು. ಉಳಿದದ್ದನ್ನು ನಾನೇ ತಂದು ಒಪ್ಪಿಸುತ್ತೇನೆ. ತಡವಾಗುತ್ತದೆ ಅಂತ ಅಪ್ಪನಿಗೆ ಹೇಳಿಡು.